ಊರು ಹೇಳುವ ಕಿವಿ

ಯಾರಾದರೂ ನಾಲ್ಕು ಮಾತಾಡಿದರೆ ಸಾಕು, ಅವರ ಊರು ಯಾವುದೆಂದು ಹೇಳಿಬಿಡುತ್ತೇನೆ ಎಂದು ನಾನು ಬಹಳ ವರ್ಷ ಜಂಬ ಕೊಚ್ಚಿಕೊಂಡಿದ್ದೆ. ನಾನು ತೆಲಂಗಾಣದ ನಾರಾಯಣಖೇಡ್ ಹತ್ತಿರದ ಒಂದು ಕನ್ನಡ ಶಾಲೆಯ ಮಾಸ್ತರ. ಮನೆ ಜಹೀರಾಬಾದಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಬೇರೆ ಕೆಲಸವಿರುವುದಿಲ್ಲ. ಪಕ್ಕದವರ ಮಾತಿಗೆ ಕಿವಿ ಕೊಡುವುದು, ಊರು ಹೇಳುವುದು, ಇಷ್ಟೇ. ಉರ್ದು ಹೆಚ್ಚು ಬಿದ್ದರೆ ಮೊಗುಡಂಪಲ್ಲಿ, ತೆಲುಗು ನುಸುಳಿದರೆ ಬಶೀರಾಬಾದ್, ಮರಾಠಿಯ ಒಗ್ಗರಣೆ ಇದ್ದರೆ ನಾರಾಯಣಖೇಡ್ ದಾಟಿ ಆಚೆ, ಯಾವುದೂ ಅತಿಯಾಗದಿದ್ದರೆ ಝರಾಸಂಗಂ. ಇದು ನಾನೇ ಕಟ್ಟಿದ ಶಾಸ್ತ್ರ. ಯಾವ ಪುಸ್ತಕದಲ್ಲೂ ಇಲ್ಲ. ಇರದಿರುವುದಕ್ಕೆ ಕಾರಣವಿದೆ ಎಂದು ನನಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ನಮ್ಮ ಬಸ್ಸಿನ ಕಂಡಕ್ಟರನನ್ನು ಮೊದಲ ದಿನವೇ ಹಿಡಿದಿದ್ದೆ. ಅವನು ಚಿಲ್ಲರೆ ಕೇಳಿದ ಧಾಟಿಯಲ್ಲೇ ಗೊತ್ತಾಗಿತ್ತು. ನೀವು ಝರಾಸಂಗಂನವರಲ್ಲವೇ ಎಂದೆ. ಹೌದ್ರಿ ಸರ್ ಎಂದ. ಅಂದಿನಿಂದ ಪ್ರತಿ ಶ್ರಾವಣದಲ್ಲೂ ನಿಮ್ಮೂರ ಗುಡಿಯಲ್ಲಿ ಈ ಸಲ ಗದ್ದಲ ಹೇಗಿದೆ ಎಂದು ಕೇಳುತ್ತಿದ್ದೆ. ಜೋರ್ ಅದ್ರಿ ಸರ್ ಎನ್ನುತ್ತಿದ್ದ. ನಾನು ಪಕ್ಕದಲ್ಲಿದ್ದ ಬೇರೆ ಮಾಸ್ತರರ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದೆ.

ಈ ಕಿವಿಯನ್ನೇ ನಂಬಿ ನಾನು ತಂಗಿಗೆ ಡಿಗ್ರಿ ಹುಡುಕಲು ಹೊರಟೆ.

ತಂಗಿ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಇರುತ್ತಾಳೆ. ಜಹೀರಾಬಾದಿನ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಲೆಕ್ಕ ಹೇಳಿಕೊಡುತ್ತಾಳೆ. ಓದಿದ್ದು ಇಂಟರ್, ಅಂದರೆ ಕರ್ನಾಟಕದವರು ಪಿಯುಸಿ ಎನ್ನುವುದು, ಅಷ್ಟೇ. ಆದರೆ ಭಿನ್ನರಾಶಿ ಹೇಳಿಕೊಡುವ ದಿನ ಮನೆಯಿಂದ ಜೋಳದ ರೊಟ್ಟಿ ಕಟ್ಟಿಕೊಂಡು ಹೋಗುತ್ತಾಳೆ. ಅರ್ಧ, ಕಾಲು, ಅರೆಕಾಲು ಎಂದು ಮುರಿದು ಮುರಿದು ಮಕ್ಕಳ ಕೈಗೆ ಕೊಡುತ್ತಾಳೆ. ಲೆಕ್ಕ ಸರಿ ಹೇಳಿದವರು ತಿನ್ನಬಹುದು. ಅವಳ ಕ್ಲಾಸಿನಲ್ಲಿ ಭಿನ್ನರಾಶಿ ಬಾರದ ಮಗು ಇಲ್ಲ. ನನ್ನ ಕ್ಲಾಸಿನಲ್ಲಿ ಸಂಧಿ ಬರುವ ಮಗು ಹುಡುಕಬೇಕು.

ಕಳೆದ ವರ್ಷ ಆ ಶಾಲೆಗೆ ಹೊಸ ಹೆಡ್‌ಮೇಡಂ ಬಂದರು. ಬರುವ ಜೂನ್ ಹೊತ್ತಿಗೆ ಡಿಗ್ರಿ ಆದವರು, ಇಲ್ಲವೇ ಮಾನ್ಯತೆ ಇರುವ ಡಿಗ್ರಿಗೆ ಹೆಸರು ಹಚ್ಚಿದವರು ಮಾತ್ರ ಮೂರನೇ ಕ್ಲಾಸಿನಿಂದ ಮೇಲೆ ಪಾಠ ಮಾಡಬೇಕು, ಉಳಿದವರು ನರ್ಸರಿಗೆ ಎಂದರು. ತಂಗಿ ನಮ್ಮ ಮನೆಗೆ ಬಂದು ಅದನ್ನು ಹೇಳಿದಾಗ ಅಳಲಿಲ್ಲ, ಸಿಟ್ಟಾಗಲಿಲ್ಲ. ನಾಲ್ಕನೇ ಕ್ಲಾಸ್ ಮಾತ್ರ ಬಿಡಲ್ಲ ಅಣ್ಣಾ ಎಂದಳು. ಕೆಲಸ ಬಿಟ್ಟು ಹೋಗಿ ಓದುವ ಹಾಗಿಲ್ಲ, ಆನ್‌ಲೈನ್ ಡಿಗ್ರಿಯೇ ಗತಿ. ಇನ್ನೇನೋ ಹೇಳುವವಳಿದ್ದಳು. ನಾನು ಬಿಡಲಿಲ್ಲ. ನೀ ಸುಮ್ಮನಿರು, ನಾನು ಹುಡುಕುತ್ತೇನೆ ಎಂದೆ. ನಮ್ಮ ಮನೆಯಲ್ಲಿ ನಾನು ಓದಿದವನು. ಮೊದಲಿನಿಂದಲೂ ನಾನು ಹುಡುಕುವುದು, ಉಳಿದವರು ಹೂಂ ಎನ್ನುವುದು.

ಹುಡುಕುವುದೆಂದರೆ ನಾನು ಮಾಡಿದ್ದು ಇಷ್ಟು. ಮೊಬೈಲಿನಲ್ಲಿ ಕಂಡ ಮೊದಲ ಜಾಹೀರಾತು ಒತ್ತಿದೆ, ಕೇಳಿದ ಕೂಡಲೇ ಹೆಸರು, ನಂಬರು ಕೊಟ್ಟೆ. ಅರ್ಧ ಗಂಟೆಯಲ್ಲಿ ಫೋನು ಶುರುವಾದವು. ಮದುವೆಗೆ ಹೆಣ್ಣಿದೆ ಎಂದು ಸುದ್ದಿ ಹಬ್ಬಿದರೂ ಅಷ್ಟು ಫೋನು ಬರಲಿಕ್ಕಿಲ್ಲ. ಎಲ್ಲರೂ ಕೌನ್ಸೆಲರುಗಳು. ನಾನು ಒಂದು ನೋಟುಬುಕ್ಕು ತೆಗೆದು ಗೆರೆ ಎಳೆದು ಬರೆಯಲು ಕೂತೆ. ಮಾನ್ಯತೆ ಇದೆಯೇ, ಪರೀಕ್ಷೆ ಎಲ್ಲಿ, ಪಾಠ ಯಾರದು ಎಂದು ಕೇಳಿ ಬರೆಯಬೇಕಿತ್ತು. ಈಗ ಆ ನೋಟುಬುಕ್ಕು ತೆರೆದರೆ ಕಾಣುವುದು ಬೇರೆ. ಒಬ್ಬರ ಮುಂದೆ ‘ಹೈದರಾಬಾದಿ, ಅವಸರದ ಮನುಷ್ಯ’ ಎಂದಿದೆ. ಇನ್ನೊಬ್ಬರ ಮುಂದೆ ‘ಕರಾವಳಿ ಕಡೆ, ಗ್ರಾಂಥಿಕ’ ಎಂದಿದೆ. ಡಿಗ್ರಿಯ ಹೆಸರು ಒಂದು ಕಡೆಯೂ ಇಲ್ಲ.

ಒಂದು ಹಳೆಯ ವಿಶ್ವವಿದ್ಯಾಲಯದ ಆನ್‌ಲೈನ್ ವಿಭಾಗವೂ ಪಟ್ಟಿಯಲ್ಲಿತ್ತು. ಅವರು ತಾವಾಗಿ ಫೋನು ಮಾಡಲಿಲ್ಲ. ನಾನೇ ಮೂರು ಸಲ ಮಾಡಿದ ಮೇಲೆ ಒಬ್ಬ ಹೆಂಗಸು ಎತ್ತಿದಳು. ತೆಲುಗಿನವಳು, ಒಣ ದನಿ. ನಾನು ಏನು ಕೇಳಿದರೂ ಕೈಪಿಡಿಯ ಇಂಥ ಪುಟ ನೋಡಿ ಎನ್ನುತ್ತಿದ್ದಳು. ಕೊನೆಗೆ ತಂಗಿಯ ಮೆಮೋ ಕಳಿಸಲೇ ಎಂದು ಕೇಳಿದೆ. ಮೆಮೋ ಎಂದರೆ ನಮ್ಮಲ್ಲಿ ಅಂಕಪಟ್ಟಿ. ಅದಕ್ಕೆ ಆಕೆ, “ಒರಿಜಿನಲ್ಸ್ ಪಂಪಾಲ್ಸಿನ ಅವಸರಂ ಲೇದು” ಎಂದಳು.

ಹುಟ್ಟಿದಾಗಿನಿಂದ ತೆಲುಗು ಕೇಳುತ್ತ ಬೆಳೆದವನು ನಾನು. ಅಂಗಡಿ, ಆಫೀಸು, ಜಗಳ ಎಲ್ಲವನ್ನೂ ತೆಲುಗಿನಲ್ಲಿ ಮಾಡಬಲ್ಲೆ. ತೆಲುಗಿನ ಅವಸರ ಅಂದರೆ ಅಗತ್ಯ ಎಂಬುದು ನಮ್ಮ ಕಡೆ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಮನಸ್ಸು ಕೆಟ್ಟಿದ್ದಾಗ ಕಿವಿ ತನ್ನ ಭಾಷೆಗೇ ಓಡುತ್ತದೋ ಏನೋ. ನಮಗೇನೂ ಅವಸರವಿಲ್ಲ, ನಿಧಾನಕ್ಕೆ ಕಳಿಸಿ ಎಂದಳು ಎಂದುಕೊಂಡೆ. ಜೂನ್ ತಲೆ ಮೇಲೆ ಕೂತಿದೆ, ಈ ಮಹಾತಾಯಿಗೆ ಅವಸರವಿಲ್ಲವಂತೆ ಎಂದು ಮೈ ಉರಿಯಿತು. ನೋಟುಬುಕ್ಕಿನಲ್ಲಿ ‘ಸೊಕ್ಕು’ ಎಂದು ಬರೆದು ಅಡ್ಡಗೆರೆ ಹೊಡೆದೆ.

ಮರುದಿನ ಬಂದ ಫೋನು ಎತ್ತಿದರೆ ಕಿವಿಗೆ ತುಪ್ಪ ಸುರಿದಂತಾಯಿತು.

“ಆತ್ರಿ ಸರ್, ನೀವೇನೂ ಚಿಂತಿ ಮಾಡಬ್ಯಾಡ್ರಿ. ಎಲ್ಲಾ ನಾ ಮಾಡಿಕೊಡ್ತೀನ್ರಿ.”

ತೆಲಂಗಾಣದಲ್ಲಿ ಕೂತ ಕನ್ನಡ ಮಾಸ್ತರನಿಗೆ ಇಂಥ ಮಾತು ಎಷ್ಟು ರುಚಿ ಎಂದು ಬೆಂಗಳೂರಿನವರಿಗೆ ಹೇಗೆ ತಿಳಿಸಲಿ. ನಮಗೆ ಬ್ಯಾಂಕು ತೆಲುಗು, ಬಸ್ಸಿನ ಬೋರ್ಡು ತೆಲುಗು, ಸಂತೆ ಅರ್ಧ ಉರ್ದು. ಕರ್ನಾಟಕದ ಆಫೀಸಿಗೆ ಫೋನು ಮಾಡಿದರೆ ಅಲ್ಲಿಯ ಕನ್ನಡ ಬೇರೆ, ಅವರು ನಮ್ಮ ಮಾತು ಕೇಳಿ ನಗುತ್ತಾರೆ. ಅಂಥದ್ದರಲ್ಲಿ ಎಲ್ಲೋ ಕೂತ ಕೌನ್ಸೆಲರ್ ಆತ್ರಿ ಎನ್ನುತ್ತಾನೆ. ತೆಲುಗು ಸ್ವಲ್ಪ ನುಸುಳಿತ್ತು. ನನ್ನ ಶಾಸ್ತ್ರ ತಾನಾಗಿ ಎದ್ದು ನಿಂತಿತು. ನೀವು ಬಶೀರಾಬಾದ್ ಕಡೆಯವರೇನು ಎಂದು ಕೇಳಿದೆ.

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, “ಹೌದ್ರಿ ಸರ್. ನಿಮಗ ಹ್ಯಾಂಗ ಗೊತ್ತಾತ್ರಿ?” ಎಂದ.

ಅಲ್ಲಿಗೆ ನನ್ನ ಕಥೆ ಮುಗಿಯಿತು. ಅವನು ಆಮೇಲೆ ಹೇಳಿದ್ದಕ್ಕೆಲ್ಲ ನಾನು ಹೂಂ ಎಂದೆ. ನಿಮ್ಮ ತಂಗಿ ಅಂದರೆ ನನ್ನ ಅಕ್ಕ ಇದ್ದ ಹಾಗೆ ಎಂದ. ಮೂರು ವರ್ಷದ ಡಿಗ್ರಿಯನ್ನು ಒಂದೇ ವರ್ಷದಲ್ಲಿ ಮುಗಿಸಿಕೊಡುವ ದಾರಿ ಇದೆ ಎಂದ. ಪರೀಕ್ಷೆಗೆ ಎಲ್ಲೂ ಹೋಗುವುದು ಬೇಡ, ಮನೆಗೇ ಪತ್ರಿಕೆ ಬರುತ್ತದೆ ಎಂದ. ಎರಡು ಪುಟದ ಪ್ರಬಂಧ ಒಂದೂವರೆ ಪುಟಕ್ಕೆ ನಿಂತರೆ ಮಕ್ಕಳನ್ನು ಎದ್ದು ನಿಲ್ಲಿಸುವ ಮಾಸ್ತರ ನಾನು. ಆದರೂ ಎರಡು ವರ್ಷ ಎಲ್ಲಿ ಹೋದವು ಎಂದು ಕೇಳಲಿಲ್ಲ. ನಮ್ಮ ಕಡೆಯವನು, ಪಾಪ, ನಮಗಾಗಿ ಏನೋ ದಾರಿ ಮಾಡುತ್ತಿದ್ದಾನೆ ಎಂದುಕೊಂಡೆ. ಕೊನೆಗೆ ತಂಗಿಯ ಒರಿಜಿನಲ್ ಮೆಮೋಗಳನ್ನು ಕೊರಿಯರ್ ಮಾಡಿ ಎಂದು ವಿಳಾಸ ಕಳಿಸಿದ. ನೋಡಿ, ಕೆಲಸ ಮಾಡುವವರಿಗೆ ಅವಸರ ಇರುತ್ತದೆ ಎಂದು ಖುಷಿಪಟ್ಟೆ.

ಸಂಜೆ ತಂಗಿಯ ಮನೆಗೆ ಹೋಗಿ ಮೆಮೋ ಕೊಡು ಎಂದೆ. ಅವಳು ಟ್ರಂಕು ತೆರೆದಳು. ಸೀರೆಗಳ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ, ಹದಿನೆಂಟು ವರ್ಷದಿಂದ ಒಂದು ಮಡಿಕೆಯೂ ಬೀಳದಂತೆ ಇಟ್ಟಿದ್ದಳು. ಆ ಕಾಗದ ಕಣ್ಣಿಗೆ ಬಿದ್ದಾಗ ನನಗೆ ಹಳೆಯದು ನೆನಪಾಗಬೇಕಿತ್ತು. ಆಗಲಿಲ್ಲ. ನಾನು ಬಶೀರಾಬಾದಿನವನ ಗುಣಗಾನ ಮಾಡುತ್ತಿದ್ದೆ. ಅವಳು ಕವರನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಪೂರ್ತಿ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

“ಅವ ತನ್ನ ಊರು ತಾನೇ ಹೇಳ್ದನೋ, ನೀ ಹೇಳ್ದಿಯೋ?”

ನಾನು ಕಂಡುಹಿಡಿದೆ ಎಂದು ಎದೆಯುಬ್ಬಿಸಿ ಹೇಳಿದೆ. ಅವಳು ನಂಬರು ಕೇಳಿ, ತನ್ನ ಫೋನಿನಿಂದ ಮಾಡಿ, ಸ್ಪೀಕರಿಗೆ ಹಾಕಿದಳು. ಅವನೇ ಎತ್ತಿದ. ಅದೇ ದನಿ, ಅದೇ ಆತ್ರಿ. ಅವಳು ತಾನು ಯಾರೋ ಹೊಸಬಳಂತೆ ಒಂದೆರಡು ಮಾತಾಡಿ, ಮೆಲ್ಲಗೆ ಕೇಳಿದಳು.

“ನಿಮ್ಮ ಮಾತು ಕೇಳಿದ್ರ ನಾರಾಯಣಖೇಡ್ ಕಡೆಯವರು ಇದ್ದಂಗ ಕಾಣ್ತದ್ರಿ.”

ಒಂದು ಕ್ಷಣ ಸದ್ದಿಲ್ಲ.

“ಹೌದ್ರಿ ಅಕ್ಕಾ. ನಿಮಗ ಹ್ಯಾಂಗ ಗೊತ್ತಾತ್ರಿ?”

ಅದೇ ಮಾತು, ಅದೇ ಆಶ್ಚರ್ಯ. ನನ್ನ ಕಿವಿ ಬಿಸಿಯಾಯಿತು. ತಂಗಿ ನನ್ನ ಮುಖ ನೋಡಲಿಲ್ಲ, ಅದು ಅವಳ ದೊಡ್ಡತನ. ಫೋನಿಗೇ ಮುಂದುವರಿಸಿ, ನಿಮ್ಮ ಕೋರ್ಸು ಸರಕಾರದ ಈ ವರ್ಷದ ಅನುಮತಿ ಪಟ್ಟಿಯಲ್ಲಿ ಎಷ್ಟನೇ ನಂಬರಿಗಿದೆ ಎಂದು ಕೇಳಿದಳು. ಅದು ಇನ್ನೂ ಪ್ರೊಸೆಸ್ಸಿನಲ್ಲಿದೆ ಎಂದ. ಪರೀಕ್ಷಾ ಕೇಂದ್ರ ಯಾವುದು ಎಂದಳು. ಅದನ್ನೆಲ್ಲ ಆಮೇಲೆ ನೋಡೋಣ, ಮೊದಲು ಮೆಮೋ ಕಳಿಸಿ ಎಂದ. ಆತ್ರಿ ಎಂದು ಹೇಳಿ ಇಟ್ಟಳು. ನಾನು ಹಳ್ಳಕ್ಕೆ ಬಿದ್ದದ್ದನ್ನು ನಾನೇ ಸ್ಪೀಕರಿನಲ್ಲಿ ಕೇಳಿದ್ದೆ.

ಏನಾದರೂ ಹೇಳಿ ಮಾನ ಉಳಿಸಿಕೊಳ್ಳಬೇಕೆಂದು, ಆ ಸೊಕ್ಕಿನ ಹೆಂಗಸಿಗಿಂತ ಇವನೇ ಎಷ್ಟೋ ವಾಸಿ ಅನ್ನಿಸಿತ್ತು ಎಂದು ಗೊಣಗಿದೆ. ಯಾವ ಹೆಂಗಸು ಎಂದಳು. ಮೆಮೋ ಕಳಿಸಲೇ ಎಂದರೆ ಅವಸರಂ ಲೇದು ಅಂದವಳು ಎಂದೆ. ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಗುವುದನ್ನು ನೋಡುತ್ತ ನೋಡುತ್ತ ನನಗೂ ಆ ಮಾತಿನ ಅರ್ಥ ಆಯಿತು. ಒರಿಜಿನಲ್ ಕಳಿಸುವ ಅಗತ್ಯವಿಲ್ಲ ಎಂದಿದ್ದಳು ಆಕೆ. ಇಡೀ ನೋಟುಬುಕ್ಕಿನಲ್ಲಿ ಸರಿಯಾದ ಮಾತು ಹೇಳಿದವಳು ಅವಳೊಬ್ಬಳೇ. ಅವಳಿಗೇ ನಾನು ಅಡ್ಡಗೆರೆ ಹೊಡೆದಿದ್ದೆ.

ನಗು ನಿಂತ ಮೇಲೆ ತಂಗಿ ಮೆಮೋ ಕವರನ್ನು ನೀವುತ್ತ, ಸಿಟ್ಟಿಲ್ಲದೆ ಒಂದು ಮಾತು ಹೇಳಿದಳು.

“ಆವಾಗ ಬೀದರದಾಗ ಗುರ್ತಿನವರು ಯಾರೂ ಇಲ್ಲ ಅಂದಿ. ಈಗ ನೋಡು, ಗುರ್ತಿನವ ಸಿಕ್ಕಾನ.”

ಗುರ್ತು ಎಂದರೆ ನಮ್ಮಲ್ಲಿ ಪರಿಚಯ. ಹದಿನೆಂಟು ವರ್ಷದ ಹಿಂದೆ, ಇಂಟರ್ ಮುಗಿದಾಗ, ಅವಳಿಗೆ ಬೀದರಿನ ಕಾಲೇಜಿನಲ್ಲಿ ಬಿಎಸ್ಸಿ ಸೀಟು ಸಿಕ್ಕಿತ್ತು. ನನಗೆ ಆಗ ತಾನೇ ನೌಕರಿ ಆಗಿತ್ತು, ಅಪ್ಪ ಎಲ್ಲವನ್ನೂ ನನ್ನನ್ನು ಕೇಳಿ ಮಾಡುತ್ತಿದ್ದರು. ಬೀದರ್ ನಮಗೆ ದೂರವಲ್ಲ. ಮೊಗುಡಂಪಲ್ಲಿ ಕಡೆಯವರು ದಿನಾ ಗಡಿ ದಾಟಿ ಕೂಲಿಗೆ, ಸಂತೆಗೆ ಹೋಗಿ ಬರುತ್ತಾರೆ. ನಾನು ಮಾತ್ರ ಗಂಭೀರವಾಗಿ ಮುಖ ಮಾಡಿ, ಬೇರೆ ರಾಜ್ಯ, ಅಲ್ಲಿ ನಮಗೆ ಗುರ್ತಿನವರು ಯಾರೂ ಇಲ್ಲ, ಬೇಡ ಎಂದೆ. ಅಷ್ಟೇ ಕಾರಣ. ಗುರ್ತಿನವರನ್ನು ಹುಡುಕಲು ಒಂದು ದಿನ ಬಸ್ಸು ಹತ್ತಲಿಲ್ಲ. ಅವಳು ಎರಡು ದಿನ ಊಟ ಬಿಟ್ಟಳು, ಮೂರನೇ ದಿನ ಮೆಮೋವನ್ನು ಟ್ರಂಕಿನಲ್ಲಿ ಇಟ್ಟಳು. ನಾನು ಅದನ್ನು ಮರೆತೇಬಿಟ್ಟಿದ್ದೆ. ಮರೆತಿದ್ದೆ ಎನ್ನುವುದೇ ನನಗೆ ಆ ಸಂಜೆ ಹೆಚ್ಚು ನಾಚಿಕೆ ತಂದದ್ದು.

ಅವಳು ಆಗಲೇ ತನ್ನಷ್ಟಕ್ಕೆ ಹುಡುಕಿ ಮುಗಿಸಿದ್ದಳು. ನನ್ನ ಮನೆಗೆ ಬಂದ ಮೊದಲ ದಿನ ಹೇಳಲು ಹೊರಟಿದ್ದು ಅದನ್ನೇ. ಸರಕಾರದ ಪಟ್ಟಿಯನ್ನು ತಾನೇ ತೆರೆದು, ವಿಶ್ವವಿದ್ಯಾಲಯದ ಹೆಸರಷ್ಟೇ ಅಲ್ಲ, ತನಗೆ ಬೇಕಾದ ಬಿಎಗೆ ಅದೇ ವರ್ಷದ ಅನುಮತಿ ಇದೆಯೇ ಎಂದು ಸಾಲು ಸಾಲಾಗಿ ನೋಡಿದ್ದಳು. ಲ್ಯಾಬ್ ಇರುವ ಬಿಎಸ್ಸಿ ಆನ್‌ಲೈನಿನಲ್ಲಿ ಸಿಗದು ಎಂದು ತಿಳಿದ ಮೇಲೆ ಗಣಿತವನ್ನು ಒಂದು ವಿಷಯವಾಗಿ ಕೊಡುವ ಬಿಎ ಹುಡುಕಿದ್ದಳು. ಕೈಪಿಡಿಯನ್ನು ಮೊದಲ ಪುಟದಿಂದ ಓದಿದ್ದಳು. ಅದು ಆ ಒಣ ದನಿಯ ಹೆಂಗಸಿನ ವಿಶ್ವವಿದ್ಯಾಲಯವೇ. ಇನ್ನೊಂದೇ ಕೆಲಸ ಉಳಿದಿತ್ತು. ತಾಂಡೂರಿನಲ್ಲಿ ಅವರ ಪರೀಕ್ಷಾ ಕೇಂದ್ರವಿದೆ, ಭಾನುವಾರ ಪರೀಕ್ಷೆ ಇದೆ, ಬರೆಯಲು ಬಂದವರನ್ನು ನೋಡಿ ಮಾತಾಡಿಸಬೇಕು ಎಂದಳು. ನಾನೂ ಬರುತ್ತೇನೆ ಎಂದೆ. ಬಾ, ಆದರೆ ಯಾರಿಗೂ ಊರು ಹೇಳಬೇಡ ಎಂದಳು.

ತಾಂಡೂರಿನ ಬಸ್ಸು ಹತ್ತಿದರೆ ನಮ್ಮ ಹಳೆಯ ಕಂಡಕ್ಟರ್ ಎದುರಾದ. ನಾರಾಯಣಖೇಡ್ ಬಸ್ಸು ಬಿಡಿಸಿ ಈ ಕಡೆ ಹಾಕಿದ್ದಾರಂತೆ. ಊರಿಗೆ ಹತ್ತಿರ ಡ್ಯೂಟಿ ಸಿಕ್ಕಿತು ಎಂದು ಖುಷಿಯಲ್ಲಿದ್ದ. ಝರಾಸಂಗಂಗೆ ಇದು ಹತ್ತಿರ ಹೇಗಾಯಿತು ಎಂದು ನಾನು ಕೇಳಿದೆ. ಅವನು ತಲೆ ಕೆರೆದುಕೊಂಡ.

“ನಮ್ದು ತಾಂಡೂರೇ ಅದ್ರಿ ಸರ್. ನೀವು ಅಷ್ಟು ಪ್ರೀತಿಲೇ ಹೇಳಿದ್ರಿ, ಇಲ್ಲ ಅನ್ನಾಕ ಮನಸಾಗಲಿಲ್ರಿ.”

ತಂಗಿ ಕಿಟಕಿಯ ಆಚೆ ತೊಗರಿ ಹೊಲ ನೋಡುತ್ತಿದ್ದಳು. ಅವಳ ಭುಜ ಅಲುಗುತ್ತಿತ್ತು. ಇಷ್ಟು ವರ್ಷ ನಾನು ಊರು ಹೇಳಿದವರೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಮಾಸ್ತರ ಕೇಳಿದರೆ ಹೌದ್ರಿ ಎನ್ನುವುದು ನಮ್ಮ ಕಡೆಯ ಮರ್ಯಾದೆ. ಆ ಮರ್ಯಾದೆಯನ್ನು ನಾನು ನನ್ನ ವಿದ್ಯೆ ಎಂದುಕೊಂಡಿದ್ದೆ. ಝರಾಸಂಗಂನ ಗುಡಿಯ ಗದ್ದಲದ ವರದಿಯನ್ನೆಲ್ಲ ಅವನು ಎಲ್ಲಿಂದ ತರುತ್ತಿದ್ದನೋ ಕೇಳುವ ಧೈರ್ಯವಾಗಲಿಲ್ಲ.

ತಾಂಡೂರಿನ ಆ ಕಾಲೇಜಿನ ಗೇಟಿನಲ್ಲಿ ಪರೀಕ್ಷೆ ಮುಗಿಸಿ ಹೊರಬಂದ ಒಬ್ಬ ಹೆಂಗಸನ್ನು ತಂಗಿ ಮಾತಾಡಿಸಿದಳು. ಬಂಡೆ ಪಾಲಿಶ್ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳಂತೆ, ಎರಡನೇ ವರ್ಷ ಓದುತ್ತಿದ್ದಾಳಂತೆ. ಪಾಠಗಳು ವಾರ ವಾರ ಬರುತ್ತವೆ, ಕೇಳಿದ್ದೇವೋ ಇಲ್ಲವೋ ಎಂದು ಲೆಕ್ಕ ಇಡುತ್ತಾರೆ, ಕೊಟ್ಟ ಕೆಲಸ ಬರೆದು ಕಳಿಸದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಒಳಗೆ ಹೋಗುವಾಗ ಮುಖವನ್ನೂ ಗುರುತಿನ ಚೀಟಿಯನ್ನೂ ಎರಡೆರಡು ಸಲ ನೋಡುತ್ತಾರೆ ಎಂದು ಬೇಸರದಿಂದ ಹೇಳಿದಳು. ಹೋದ ಸಲ ಒಂದು ವಿಷಯದಲ್ಲಿ ಫೇಲ್ ಮಾಡಿಬಿಟ್ಟರು ಎಂದೂ ಹೇಳಿದಳು. ನನ್ನ ಮುಖ ಸಪ್ಪಗಾಯಿತು. ತಂಗಿಯ ಮುಖ ಅರಳಿತು.

“ಫೇಲ್ ಮಾಡ್ತಾರ ಅಂದ್ರ ಖರೇ ಓದಿಸ್ತಾರ ಅಣ್ಣಾ” ಎಂದಳು ನನಗೆ.

ಮುಂದಿನ ವಾರ ಅವಳ ಮನೆಯಲ್ಲಿ ಅರ್ಜಿ ತುಂಬಲು ಕೂತೆವು. ಕೂತೆವು ಎಂದರೆ ಅವಳು ತುಂಬಿದಳು, ನಾನು ಚಹಾ ಕುಡಿದೆ. ಮೆಮೋವನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಹಾಕಿದಳು, ಒರಿಜಿನಲ್ ಮತ್ತೆ ಕವರಿಗೆ ಹೋಯಿತು. ಇನ್ನೊಂದು ಕಾಗದ ಬೇಕಿತ್ತು. ಇಂಟರ್ ಆದ ಮೇಲೆ ಓದು ಎಷ್ಟು ವರ್ಷ ನಿಂತಿತು, ಯಾಕೆ ನಿಂತಿತು ಎಂದು ಬಿಳಿ ಹಾಳೆಯಲ್ಲಿ ಕೈಯಿಂದ ಬರೆದು, ಸಹಿ ಮಾಡಿ ಹಚ್ಚಬೇಕಂತೆ. ಇಂಗ್ಲಿಷಿನಲ್ಲಿ ಬರೆಯಬೇಕು. ಅವಳು ಹಾಳೆ ಮತ್ತು ಪೆನ್ನನ್ನು ನನ್ನ ಮುಂದೆ ಇಟ್ಟಳು.

“ನೀನೇ ಬರಿ ಅಣ್ಣಾ. ನಿನ್ನ ಅಕ್ಷರ ಚೆಂದ ಅವ.”

ಹದಿನೆಂಟು ವರ್ಷ ಎಂದು ಬರೆಯುವುದು ಸುಲಭವಾಗಿತ್ತು. ಕಾರಣ ಎನ್ನುವಲ್ಲಿ ಪೆನ್ನು ನಿಂತಿತು. ಹೇಳಬೇಕೆಂದುಕೊಂಡ ಮಾತು ಬಾಯಿಗೆ ಬಂತು. ಅವತ್ತು ನಾನು ತಪ್ಪು ಮಾಡಿದೆ ತಂಗೀ, ನಿನ್ನನ್ನು ಕಳಿಸಬೇಕಿತ್ತು ಎಂದೆ. ಅವಳು ಹಾಳೆಯ ಕಡೆ ಕೈ ತೋರಿಸಿದಳು. ಇಂಥ ಅರ್ಜಿಗಳಲ್ಲಿ ಎಲ್ಲರೂ ಬರೆಯುವುದನ್ನೇ ನಾನೂ ಬರೆದೆ. ‘ಫ್ಯಾಮಿಲಿ ರೀಸನ್ಸ್’.

ತಂಗಿ ಬಗ್ಗಿ ಅದನ್ನು ಓದಿದಳು. ಇನ್ನೊಮ್ಮೆ ಓದಿದಳು.

“ನಿನ್ನ ಹೆಸರು ಇಷ್ಟು ಉದ್ದ ಅದ ಅಂತ ನನಗ ಗೊತ್ತಿರಲಿಲ್ಲ” ಎಂದಳು.

ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.